ಶುಕ್ರವಾರದ ಸೌನಾ ಸರದಿ

ಹೆಲ್ಸಿಂಕಿಯ ಆ ವಠಾರದ ನೆಲಮಾಳಿಗೆಯಲ್ಲಿ ಇದ್ದದ್ದು ಒಂದೇ ಸೌನಾ, ಅಂದರೆ ಹಬೆಸ್ನಾನದ ಕೋಣೆ. ತಿಂಗಳಿಗೆ ಹದಿನೈದು ಯೂರೊ ಕೊಟ್ಟರೆ ವಾರಕ್ಕೊಂದು ತಾಸು ಅಲ್ಲಿನ ಬಿಸಿ ಹಬೆ ನಿಮ್ಮದು. ಆದರೆ ಶುಕ್ರವಾರ ಸಂಜೆಯ ಸರದಿ ದುಡ್ಡಿಗೆ ಸಿಗುವಂಥದ್ದಲ್ಲ, ಇದ್ದವರು ಬಿಟ್ಟುಕೊಡಬೇಕು. ಮಂಗಳವಾರದ ಸರದಿಯ ಇರ್ಮಾ ಅಜ್ಜಿ ಅದಕ್ಕಾಗಿ ವರ್ಷಗಟ್ಟಲೆ ಕಾದಿದ್ದಳು.

ಶುಕ್ರವಾರದ ಸರದಿ ಮೇಲಿನ ಮನೆಯ ಸೈಮಿಯದು. ಅವಳು ಮೂವತ್ತೆರಡನೇ ವಯಸ್ಸಿಗೇ ಪ್ರಧಾನಿಯಾದಾಗ ಅಜ್ಜಿಗೆ ಒಂದೇ ಕುತೂಹಲ: ಸರ್ಕಾರಿ ಮನೆಗೆ ಹೋಗುವವಳು ಸರದಿ ಬಿಡುತ್ತಾಳೋ ಇಲ್ಲವೋ? ಬಾಯಿಬಿಟ್ಟು ಕೇಳುವುದು ಅಲ್ಲಿನವರ ಜಾಯಮಾನವಲ್ಲ. ಅಜ್ಜಿ ಶುಕ್ರವಾರ ಸುಮ್ಮನೆ ಮೆಟ್ಟಿಲ ಬಳಿ ನಿಂತಳು. ಸೈಮಿ ಹೆಗಲಿಗೆ ಟವೆಲ್ ಹಾಕಿಕೊಂಡು ಇಳಿದು ಬಂದಳು.

"ಏನೇ, ಸರ್ಕಾರಿ ಮನೇಲಿ ಸೌನಾ ಇಲ್ವಾ?"

"ಇದೆ ಅಜ್ಜಿ, ಸಮುದ್ರದ ಪಕ್ಕಾನೇ. ಆದ್ರೆ ಅಲ್ಲಿ ಜೊತೆಗೆ ಕೂರೋರು ನಾನು ಏನಂದ್ರೂ ಹೂಂ ಅಂತಾರೆ."

"ಹೂಂ ಅನ್ನದೋರು ಬೇಕಾ? ನಿನ್ನ ಪಿಂಚಣಿ ಮಸೂದೆ ದಂಡ ಕಣೇ!"

ಸೈಮಿ ನಗುತ್ತ ಬಾಗಿಲು ತೆರೆದು ಹಿಡಿದಳು. "ಒಳಗೆ ಬನ್ನಿ. ಹಬೇಲಿ ಕೂತ್ಕೊಂಡು ಬೈರಿ."

ಅಜ್ಜಿ ಹಬೆಯೇಳಲೆಂದು ಒಲೆಯ ಮೇಲಿನ ಕಾದ ಕಲ್ಲಿಗೆ ನೀರೆರೆದು ಬೈಯಲು ಶುರುಮಾಡಿದಳು.

ಶುಕ್ರವಾರದ ಸರದಿ ಕೊನೆಗೂ ಅಜ್ಜಿಯ ಹೆಸರಿಗೆ ಬರಲಿಲ್ಲ. ಆದರೆ ಅಂದಿನಿಂದ ಪ್ರತಿ ಶುಕ್ರವಾರ ಅವಳು ಅಲ್ಲೇ ಇದ್ದಳು. ಮಂಗಳವಾರದ ಹದಿನೈದು ಯೂರೊ ಉಳಿಯಿತು.