ರೀಬೌಂಡ್

“ಇದಕ್ಕೆ ಇಂಗ್ಲಿಷಲ್ಲಿ ರೀಬೌಂಡ್ ಅಂತಾರೆ ಅಪ್ಪಾಜಿ,” ಎಂದಳು ಪ್ರಿಯದರ್ಶಿನಿ. “ಒಬ್ಬನಿಂದ ನೊಂದು ಹೊರಗೆ ಬಂದೋರು ಮುಂದೆ ಸಿಕ್ಕೋನನ್ನ ಅವಸರದಲ್ಲಿ ಹಿಡ್ಕೊಳ್ಳೋದು. ಅದು ಬಾಳಲ್ಲ.”

ತಂಗಿ ರಶ್ಮಿ ಬೆನ್ನು ತಿರುಗಿಸಿ ಚಹಾ ಕುದಿಯುವುದನ್ನೇ ನೋಡುತ್ತ ನಿಂತಳು. ಅವಳ ವಿಚ್ಛೇದನವಾಗಿ ವರ್ಷ ತುಂಬಿರಲಿಲ್ಲ. ಶಿವಮೊಗ್ಗದಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಯೋಗರಾಜನನ್ನು ಮದುವೆಯಾಗುತ್ತೇನೆಂದು ಅವಳು ಹೇಳಿ ವಾರವಾದರೂ ಅಪ್ಪ ಚಂದ್ರಶೇಖರಪ್ಪ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಶಂಕರಘಟ್ಟದಲ್ಲಿ ಇಂಗ್ಲಿಷ್ ಕಲಿಸುವ ಅಕ್ಕ ಅದಕ್ಕೆಂದೇ ಬೆಳಗಿನ ಬಸ್ಸು ಹಿಡಿದು ನ್ಯೂ ಟೌನಿನ ಅಪ್ಪನ ಮನೆಗೆ ಬಂದಿದ್ದಳು. ಇದು ಅವಸರವೇ ಎಂದು ರಶ್ಮಿಯೂ ತನ್ನನ್ನು ತಾನೇ ಎಷ್ಟೋ ಸಲ ಕೇಳಿಕೊಂಡಿದ್ದಳು.

“ನಮ್ ಬ್ಯಾಸ್ಕೆಟ್‌ಬಾಲಿಂದಾ ಅದು?” ಎಂದು ಅಪ್ಪ ಪೇಪರ್ ಮಡಿಸಿದರು.

“ಪದ ಅದೇ. ಅರ್ಥ ಬೇರೆ.”

ಆರಡಿ ಮೀರಿದ ಆಳು ಅವರು. ಕೆಲಸಕ್ಕಿದ್ದ ಕಾರ್ಖಾನೆಯ ತಂಡದಲ್ಲಿ ಬಹಳ ವರ್ಷ ಆಡಿದ್ದರೂ ಚೆಂಡು ಬುಟ್ಟಿಗೆ ಹಾಕಿದ್ದು ಕಡಿಮೆ.

“ನನ್ನನ್ನ ಟೀಮಿಗೆ ತಗೊಂಡಿದ್ದೇ ರೀಬೌಂಡಿಗೆ. ಬೇರೆಯೋರು ಎಸೆದಿದ್ದು ರಿಂಗಿಗೆ ಬಡಿದು ವಾಪಸ್ ಬರ್ತದಲ್ಲ, ಅದನ್ನ ಹಿಡಿಯೋದು. ಕೈ ಚಾಚಿದೋರಿಗೆಲ್ಲ ಸಿಗಲ್ಲ ಅದು. ಎಲ್ಲಿ ಬೀಳ್ತದೆ ಅಂತ ಕಣ್ಣಿಟ್ಟಿರ್ಬೇಕು.”

“ನಾನು ಹೇಳಿದ್ದು ಅದಲ್ಲ ಅಪ್ಪಾಜಿ.”

“ಗೊತ್ತು ಮಾರಾಯ್ತಿ.” ಅವರು ರಶ್ಮಿಯತ್ತ ತಿರುಗಿದರು. “ನೀನು ಹೇಳು. ಅವಸರದಲ್ಲಿ ಹಿಡಿದ್ಯೋ, ನೋಡಿ ಹಿಡಿದ್ಯೋ?”

ರಶ್ಮಿ ಒಲೆ ಆರಿಸಿದಳು. “ನೋಡೇ ಹಿಡಿದಿದೀನಿ. ಆ ಮನೇಲಿ ಒಂದು ಮಾತಾಡೋಕೂ ಮೊದ್ಲು ಮನಸಲ್ಲೇ ಹತ್ತು ಸಲ ಹೇಳ್ಕೋತಿದ್ದೆ. ಇವರ ಹತ್ರ ಬಾಯಿಗೆ ಬಂದಿದ್ದು ಮಾತಾಡ್ತೀನಿ ಅಪ್ಪಾಜಿ. ಮೊನ್ನೆ ಜಗಳಾನೂ ಆಡ್ದೆ.”

“ಅವರೇನಂದ್ರು?” ಅಕ್ಕ ಕೇಳಿದಳು.

“ಅವರೂ ಆಡಿದ್ರು. ಆಮೇಲೆ ಇಬ್ರೂ ದೋಸೆ ತಿಂದ್ವಿ.”

ಪ್ರಿಯದರ್ಶಿನಿಗೆ ತಡೆದರೂ ನಗು ಬಂದುಬಿಟ್ಟಿತು. ಇಂಥ ತಂಗಿಯನ್ನು ಅವಳು ನೋಡಿ ಬಹಳ ದಿನವಾಗಿತ್ತು.

ಅಪ್ಪ ಕನ್ನಡಕ ತೆಗೆದು ತಿರುಗಿಸಿ ನೋಡಿದರು. “ಇದರ ಕಡ್ಡಿ ಸಡಿಲ ಆಗಿದೆ. ಅಂಗಡಿ ತೆಗ್ದಿರ್ತಾನೇನು ಇವತ್ತು?”

“ತೆಗ್ದಿರ್ತಾರೆ,” ಎಂದಳು ರಶ್ಮಿ.

“ಹಂಗಾದ್ರೆ ಚಹಾ ಕುಡಿದು ಸ್ಕೂಟರ್ ತೆಗಿ.”

“ನಾನೂ ನಿಮ್ಮ ಹಿಂದೇನೇ ಬಸ್ಸಲ್ಲಿ ಬರ್ತೀನಿ,” ಎಂದಳು ಅಕ್ಕ. “ಜಗಳ ಆಡೋಕೆ ನನಗೂ ಒಬ್ರು ಸಿಗ್ಲಿ.”

ಶಿವಮೊಗ್ಗದ ಸಿಗ್ನಲಿನಲ್ಲಿ ಕೆಂಪು ದೀಪ ಬಿತ್ತು. ರಶ್ಮಿ ಸ್ಕೂಟರ್ ನಿಲ್ಲಿಸಿ ಕಾಲೂರಲು ಹೋದಳು. ಊರುವ ಅಗತ್ಯ ಬೀಳಲಿಲ್ಲ. ಹಿಂದೆ ಕೂತ ಅಪ್ಪನ ಉದ್ದನೆಯ ಎರಡು ಕಾಲುಗಳು ಎರಡೂ ಬದಿಗೆ ಇಳಿದು, ಚಪ್ಪಲಿ ರಸ್ತೆಗೆ ಒತ್ತಿ ನಿಂತಿದ್ದವು.