ಬಾವಿ ಈಜು

ಕುಂದಾಪುರಕ್ಕೆ ಹೋಗೋಣ ಎಂದವಳು ದಿವ್ಯಾ. ಕಾರು ಹನುಮೇಶನದು, ಬುತ್ತಿ ನನ್ನದು. ಮದಕರಿಪುರದ ಒಂದೇ ಓಣಿಯಲ್ಲಿ ಬೆಳೆದವರು ನಾವು ಮೂವರು. ಕೋಳಿ ಕೂಗುವ ಮೊದಲೇ ಹೊರಟು ಘಟ್ಟ ಇಳಿದೆವು.

ದಿವ್ಯಾಳಿಗೆ ಕಡಲು ನೋಡುವ ಆಸೆಯೇನೂ ಇರಲಿಲ್ಲ. ಅವಳಿಗೆ ಆಳದ ನೀರು ಬೇಕಿತ್ತು. ರಸ್ತೆ ಅಗಲ ಮಾಡುವಾಗ ಅವರ ಹೊಲದ ಬಾವಿಗೆ ಮಣ್ಣು ಹಾಕಿ ಮುಚ್ಚಿದ ಮೇಲೆ ಅವಳು ಈಜಿರಲಿಲ್ಲ.

"ಮೈಯಾಗೆ ಇನ್ನೂ ಈಜು ಐತೋ ಇಲ್ವೋ ನೋಡ್ಬೇಕು" ಎಂದಳು.

"ಇಲ್ದಿದ್ರೆ?" ಎಂದ ಹನುಮೇಶ್.

"ನೀನಿದೀಯಲ್ಲ, ಎತ್ಕಂಡ್ ಬಾ."

"ನಂಗೇ ಬರಲ್ಲ ಕಣೇ. ದಡದಾಗೆ ನಿಂತು ಜೋರಾಗಿ ಅಳ್ತೀನಿ, ಆತಾ?"

ಕುಂದಾಪುರ ಹಳೆಯ ಊರು. ಹೆಂಚಿನ ಮನೆಗಳು, ಉಪ್ಪುಗಾಳಿಗೆ ಬಣ್ಣ ಬಿಟ್ಟ ಬಾಗಿಲುಗಳು. ಮರದ ಬೆಂಚಿನ ಹೋಟೆಲಿನಲ್ಲಿ ಬನ್ಸ್ ತಿಂದು, ಎರಡೆರಡು ಸಲ ಚಹಾ ಕುಡಿದು, ಹೊಳೆ ಕಡಲಿಗೆ ಸೇರುವ ಕಡೆ ನಡೆದೆವು. ಅಲೆಗಳ ಸದ್ದು ದೂರದಲ್ಲಿತ್ತು. ಇಲ್ಲಿ ನೀರು ನಿಂತಂತಿತ್ತು. ನಡುವೆ ಲಂಗರು ಹಾಕಿದ ಒಂದು ದೋಣಿ.

ದಡದಲ್ಲಿ ಬೀಡಿ ಸೇದುತ್ತ ಕೂತ ಮುದುಕನನ್ನು ದಿವ್ಯಾ ಕೇಳಿದಳು: "ಇಲ್ಲಿ ಸೆಳೆತ ಐತೇನಜ್ಜ?"

"ಈಗಿಲ್ಲ. ಆದ್ರೂ ನೀವ್ ಘಟ್ಟದ್ ಮೇಲಿನೋರಲ್ದಾ? ಮೊಣಕಾಲ್ ನೀರ್ ಸಾಕ್."

ದಿವ್ಯಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದಳು. ನೀರು ಮೊಣಕಾಲು ದಾಟಿತು, ಎದೆ ದಾಟಿತು. ದೋಣಿಯ ಕಡೆ ಮುಖ ಮಾಡಿ ಕೈ ಬೀಸಿದಳು.

ನಾಲ್ಕು ಬೀಸಿಗೆ ಎಡಕ್ಕೆ ವಾಲಿದಳು. ಸರಿಪಡಿಸಿಕೊಂಡಳು. ಮತ್ತೆ ಎಡಕ್ಕೆ.

"ಲೇ, ದೋಣಿ ಆ ಕಡೆ ಐತೆ!" ಹನುಮೇಶ್ ಬಿದ್ದು ಬಿದ್ದು ನಕ್ಕ. ಮುದುಕ ಎದ್ದು ನಿಂತ.

ನಾನು ನಗಲಿಲ್ಲ. ಆ ಬಾವಿಯಲ್ಲಿ ಎಲ್ಲರೂ ಗೋಡೆಗುಂಟ ಎಡಕ್ಕೇ ಸುತ್ತಬೇಕಿತ್ತು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯಬಾರದೆಂದು. ಅವಳ ತಾತ ಮುರುಗಪ್ಪ ಬೆನ್ನಿಗೆ ಸೋರೆಬುರುಡೆ ಕಟ್ಟಿ ಕಲಿಸಿದ ಈಜು ಅದೇ. ಗೋಡೆಯೇ ಇಲ್ಲದ ನೀರಿನಲ್ಲಿ ಅವಳ ಕೈಗಳು ಗೋಡೆ ಹುಡುಕುತ್ತಿದ್ದವು.

ದಿವ್ಯಾ ಕೈ ಬೀಸುವುದನ್ನು ನಿಲ್ಲಿಸಿದಳು. ತಲೆಯಷ್ಟೇ ಕಾಣುತ್ತಿತ್ತು. ಹನುಮೇಶನ ನಗು ನಿಂತುಹೋಯಿತು.

ಆಮೇಲೆ ಅವಳು ನೆಟ್ಟಗೆ ಹೋಗುವ ಹಟ ಬಿಟ್ಟಳು. ಒಂದು ದೊಡ್ಡ ಸುತ್ತು ಹಾಕಿದಳು. ಸುತ್ತು ಮುಗಿಯುವಾಗ ದೋಣಿಗೆ ಸ್ವಲ್ಪ ಹತ್ತಿರವಿದ್ದಳು. ಇನ್ನೊಂದು ಸುತ್ತು, ಮತ್ತೂ ಹತ್ತಿರ. ಹಾಗೆ ಸುತ್ತುತ್ತ ಸುತ್ತುತ್ತಲೇ ಹೋಗಿ ದೋಣಿಯ ಮೈಗೆ ಅಂಗೈ ಬಡಿದಳು. ಆ ಸದ್ದು ನಮಗೂ ಕೇಳಿಸಿತು. ದೋಣಿಯನ್ನೇ ಗೋಡೆ ಮಾಡಿಕೊಂಡು ಒಂದು ಬಳಸು ಬಳಸಿ, ಬಂದ ಹಾಗೆಯೇ ವಾಪಸು ಬಂದಳು.

"ಇದೆಂತ ಈಜ್ ಮಾರಾಯ್ತಿ?" ಎಂದ ಮುದುಕ.

"ಬಾವಿ ಈಜು ಕಣಜ್ಜ." ಅವಳಿಗೆ ಏದುಸಿರು, ಮುಖವೆಲ್ಲ ನಗು. "ನಂಗೆ ಹಿಂಗೇ ಬರೋದು."

"ಯಾವೂರ್ ನಿಮ್ದ್?"

ಹೊರಗಿನವರು ಕೇಳಿದರೆ ನಾವು ಚಿತ್ರದುರ್ಗ ಎಂದುಬಿಡುತ್ತೇವೆ. ನಮ್ಮ ಹಳ್ಳಿಯ ಹೆಸರು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ.

"ಮದಕರಿಪುರ" ಎಂದ ಹನುಮೇಶ್, ಎದೆ ಸೆಟೆಸಿ.

"ಅದ್ ಎಲ್ಲ್ ಬತ್ತ್?"

"ಏನ್ರೀ, ಮದಕರಿಪುರ ಗೊತ್ತಿಲ್ವಾ ನಿಮಗೆ?"

ಮುದುಕ ತಪ್ಪಾಯಿತೆಂಬಂತೆ ತಲೆಯಾಡಿಸಿದ. ದಿವ್ಯಾ ಆಗಲೇ ಮತ್ತೆ ನೀರಿಗಿಳಿಯುತ್ತಿದ್ದಳು.