ಹದಿನೇಳು ಹದಿನೆಂಟಾದದ್ದು

ದತ್ತು ಕಚೇರಿಯ ನಿಯಮ ಪುಸ್ತಕದ ಕಲಮುಗಳಿಗೆ ನಂಬರು ಹಾಕುವುದು ತಂಗಿಯ ಕೆಲಸ. ಅದೇನು ಮಹಾ ಅನ್ನುವವರು ಒಂದು ದಿನ ಅವಳ ಕುರ್ಚಿಯಲ್ಲಿ ಕೂತು ನೋಡಬೇಕು. ಪುಸ್ತಕ ಮರವಿದ್ದ ಹಾಗೆ. ಅಧ್ಯಾಯ ಕೊಂಬೆ, ಕಲಮು ರೆಂಬೆ, ಉಪಕಲಮು ಎಲೆ. ವಾರಕ್ಕೆರಡು ತಿದ್ದುಪಡಿ ಬರುತ್ತದೆ. ನಡುವೆ ಒಂದು ರೆಂಬೆ ತುರುಕಿದರೆ ಅದರ ಕೆಳಗಿನವೆಲ್ಲ ಎಲೆಗಳ ಸಮೇತ ಒಂದೊಂದು ನಂಬರು ಮುಂದಕ್ಕೆ ಸರಿಯಬೇಕು, ತುಂಬಿದ ಬೆಂಚಿನ ಮೇಲೆ ದಪ್ಪನೆಯವನೊಬ್ಬ ಬಂದು ಕೂತಾಗ ಸರಿಯುವಂತೆ.

ಅವಳಿಗೆ ಕೆಲಸ ಕಲಿಸಿದ ಹಳೇ ಗುಮಾಸ್ತರು ಹತ್ತು, ಇಪ್ಪತ್ತು, ಮೂವತ್ತು ಎಂದು ಹಾಕುತ್ತಿದ್ದರು. "ಸಂಸಾರದಲ್ಲೂ ನಂಬರಲ್ಲೂ ನಡುವೆ ಸ್ವಲ್ಪ ಜಾಗ ಇರ್ಬೇಕು ಮಗಳೇ" ಅನ್ನುತ್ತಿದ್ದರು. ಹೊಸ ಕಲಮು ಸಂದಿಯಲ್ಲಿ ಕೂರುತ್ತಿತ್ತು, ಹಳೆಯದು ಯಾವುದೂ ಏಳಬೇಕಿರಲಿಲ್ಲ. ಆದರೆ ಬರುವ ನೆಂಟರಿಗೆ ಕೊನೆಯಿಲ್ಲದಿದ್ದರೆ ಮನೆ ಎಷ್ಟು ದೊಡ್ಡದಿದ್ದರೇನು? ಸಂದಿಗಳೂ ತುಂಬಿದವು. ಅವರು ನಿವೃತ್ತರಾದ ಮೇಲೆ ಹೊಸ ಮೇಡಂ, "ಹತ್ತಾದ ಮೇಲೆ ಹನ್ನೊಂದು. ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು" ಎಂದು ಎಲ್ಲವನ್ನೂ ಸಾಲಾಗಿ ಹಾಕಿಸಿದರು.

ಅಲ್ಲಿಂದ ಅಕ್ಕನ ಗ್ರಹಚಾರ ಶುರುವಾಯಿತು.

ದೂರದ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅಕ್ಕ ಒಂಟಿ. ಮಕ್ಕಳ ಆಶ್ರಮದ ಮೂರು ವರ್ಷದ ಹುಡುಗಿಯನ್ನು ದತ್ತು ಕೇಳಿದ್ದಳು. ಆ ಮಗು ಅವಳನ್ನು ಆಗಲೇ "ಗುಂಡಿ ಅಮ್ಮ" ಎಂದು ಕರೆಯುತ್ತಿತ್ತು. ಯಾವ ಕಲಮಿನ ಕೆಳಗೆ ಕೇಳುತ್ತಿದ್ದೀರಿ ಎಂಬ ನಂಬರನ್ನು ಅರ್ಜಿಯಲ್ಲೂ, ಮನೆ ನೋಡಿ ಹೋದವರ ವರದಿಯಲ್ಲೂ ಬರೆಯಬೇಕು. ಹದಿನೈದು ಎಂದು ಬರೆದಾಗ ಅದು ಹದಿನಾರಾಗಿತ್ತು. ಹದಿನಾರೆಂದು ಬರೆದಾಗ ಹದಿನೇಳಾಯಿತು. ಎರಡು ಸಲವೂ ಅರ್ಜಿ ವಾಪಸ್ಸು. ಹೊಸ ವರದಿಗೆ ಹದಿನೈದು ದಿನ ಬೇಕು. ನಲವತ್ತೈದು ತುಂಬಿದವರಿಗೆ ಮಗು ಕೊಡುವುದಿಲ್ಲ, ಅಕ್ಕನಿಗೆ ಮುಂದಿನ ಗುರುವಾರ ತುಂಬುತ್ತದೆ.

ಈ ಸಲ ಹದಿನೇಳು ಎಂದು ಬರೆದ ಅರ್ಜಿ ಬೆಳಿಗ್ಗೆಯೇ ಪಕ್ಕದ ಮೇಜಿಗೆ, ಕಚೇರಿಯವರೆಲ್ಲ ಅಣ್ಣ ಎನ್ನುವ ಪರಿಶೀಲನೆಯವರ ಬಳಿಗೆ ಬಂದಿತ್ತು. ಅದರ ಮೇಲೆ ಇಪ್ಪತ್ತು ಅರ್ಜಿಗಳಿದ್ದವು.

"ಅಣ್ಣಾ, ಅದೊಂದನ್ನ ಮೊದಲು ನೋಡಿಬಿಡಿ."

"ಸಾಲು ತಪ್ಪಿಸಿದ್ರೆ ಹೊರಗೆ ಕೂತಿರೋರು ನನ್ನ ಸಿಗಿದು ತೋರಣ ಕಟ್ತಾರಮ್ಮ. ಮೂರು ಗಂಟೆ ಹೊತ್ತಿಗೆ ಬರುತ್ತೆ ಬಿಡು."

ಹನ್ನೊಂದಕ್ಕೆ ಮೇಡಂ ತಿದ್ದುಪಡಿ ತಂದರು. ಆಶ್ರಮಗಳ ಅಡುಗೆಮನೆಯ ಹೊಗೆಗೂಡು ಶುಚಿ ಮಾಡುವ ಕಲಮು. ಜಾಗ ಅಡುಗೆಮನೆಯ ಕಲಮು ಹದಿನಾರರ ಕೆಳಗೆ.

"ಮೇಡಂ, ಇದಕ್ಕೆ ಹದಿನಾರೂವರೆ ಅಂತ ಕೊಡ್ಲಾ? ಬೇರೆಯವು ಅಲ್ಲಾಡೋದಿಲ್ಲ."

"ಹದಿನಾರೂವರೆ? ಇದೇನು ಕುಪ್ಪಸದ ಅಳತೆಯಾ?"

"ಕೊನೆಗೆ ಹಾಕಿದ್ರೆ?"

"ಹೊಗೆಗೂಡು ಅಡುಗೆಮನೆ ಪಕ್ಕದಲ್ಲೇ ಇರ್ಬೇಕು ಕಣಮ್ಮ. ಊಟಕ್ಕೆ ಮುಂಚೆ ಮುಗಿಸು."

ತಂಗಿ ಪೆನ್ನು ಹುಡುಕಿದಳು, ನೀರು ಕುಡಿದಳು, ಮತ್ತೆ ನೀರು ಕುಡಿದಳು. ಒಂದೂವರೆಗೆ ಮೇಡಂ ಬಂದು ಬೆನ್ನ ಹಿಂದೆ ನಿಂತರು. ಬೇರೆ ದಾರಿ ಇರಲಿಲ್ಲ. ಅವಳು ಹದಿನೇಳನ್ನು ಹೊಗೆಗೂಡಿಗೆ ಕೊಟ್ಟಳು.

ಮೂರಕ್ಕೆ ಅಣ್ಣ ಅಕ್ಕನ ಅರ್ಜಿ ಎತ್ತಿಕೊಂಡು ಕಂಪ್ಯೂಟರಿನಲ್ಲಿ ನಂಬರು ಒತ್ತಿದರು. "ಮಗು ಕೇಳಿದ್ರೆ ಹೊಗೆಗೂಡು ತೋರಿಸ್ತಿದೆಯಲ್ಲಮ್ಮ!"

"ಅದೇ ಕಲಮು ಅಣ್ಣಾ, ಈಗ ಹದಿನೆಂಟು. ನಾನೇ ಬದಲಾಯಿಸಿದ್ದು."

"ನಂಗೆ ಗೊತ್ತು, ನಿಂಗೂ ಗೊತ್ತು. ಈ ಮಷೀನಿಗೆ ಯಾರು ಹೇಳ್ತಾರೆ? ವರದಿ ತಿದ್ದೋ ಅಧಿಕಾರ ನನಗಿಲ್ಲ ತಾಯಿ." ಅವರು ಮುಖ ತಿರುಗಿಸಿಕೊಂಡು ವಾಪಸ್ಸಿನ ಮೊಹರು ಒತ್ತಿದರು.

ಅರ್ಜಿ ವಾಪಸ್ಸಾದ ಸಂದೇಶ ತಲುಪಿ ಅಕ್ಕನ ಫೋನು ಬಂತು.

"ಹದಿನೇಳು ಸರಿಯಾಗಿತ್ತು ತಾನೇ? ನೀನೇ ಹೇಳಿದ್ದೆ ಕಣೇ."

"ಮಧ್ಯಾಹ್ನದವರೆಗೂ ಸರಿಯಾಗಿತ್ತಕ್ಕ."

ಆ ಕಡೆಯಿಂದ ಹೊಲಿಗೆ ಯಂತ್ರದ ಸದ್ದು ನಿಂತಿತು. "ಭಾನುವಾರ ಆಶ್ರಮಕ್ಕೆ ಹೋದಾಗ ಅವಳಿಗೆ ಏನೂಂತ ಹೇಳ್ಲೇ?"

ಮೇಡಂ ಇನ್ನೊಂದು ತಿದ್ದುಪಡಿ ತಂದು ಮೇಜಿನ ಮೇಲಿಟ್ಟು, "ಇದು ಮೂರನೆಯದರ ಕೆಳಗೆ" ಎಂದು ಹೋದರು.